ಒಳಗೆ ಕಳುಹಿಸಲು ಹಲವರು, ಹೊರಗೆ ಕರೆತರಲು ಯಾರು?

1951ರಲ್ಲಿ ಅಸ್ಸಾಮಿನ ಸಿಲ್ಸಾಂಗ್ ಎಂಬ ಹಳ್ಳಿಯಿಂದ ಮಚಾಂಗ್ ಲಾಲುಂಗ್ ಎಂಬ 23ರ ಯುವಕನನ್ನು ಪೊಲೀಸರು ಹಿಡಿದುಕೊಂಡು ಹೋದರು. ಯಾರಿಗೋ ತೀವ್ರ ಗಾಯ ಮಾಡಿದ ಆರೋಪ ಆತನ ಮೇಲಿತ್ತು. ಮನಸ್ಸು ಸ್ವಸ್ಥವಾಗಿಲ್ಲವೆಂದು ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ಈತ ಪೂರ್ತಿ ಗುಣವಾಗಿದ್ದಾನೆ ಎಂದು ಆಸ್ಪತ್ರೆಯೇ ಬರೆದುಕೊಟ್ಟಿತು. ಆಗ ಆತ ಊರಿಗೆ ಹೋಗಬೇಕಿತ್ತು, ಇಲ್ಲವೇ ಕಟಕಟೆ ಹತ್ತಬೇಕಿತ್ತು. ಎರಡೂ ಆಗಲಿಲ್ಲ, ಗುವಾಹಟಿಯ ಜೈಲಿಗೆ ಹೋದ. ವಿಚಾರಣೆಯಿಲ್ಲ, ಶಿಕ್ಷೆಯಿಲ್ಲ, ಬಿಡುಗಡೆಯೂ ಇಲ್ಲ. ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕಣ್ಣಿಗೆ ಬಿದ್ದು, 2005ರ ಜುಲೈಯಲ್ಲಿ ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದ. ಅಷ್ಟರಲ್ಲಿ 54 ವರ್ಷ ಕಳೆದಿತ್ತು, ತನ್ನ ತಿವಾ ಭಾಷೆಯೂ ಆತನಿಗೆ ಮರೆತುಹೋಗಿತ್ತು. ಸುಪ್ರೀಂ ಕೋರ್ಟ್ 3 ಲಕ್ಷ ರೂಪಾಯಿ ಪರಿಹಾರವನ್ನೂ ತಿಂಗಳಿಗೆ 1,000 ರೂಪಾಯಿಯನ್ನೂ ಕೊಡಿಸಿತು. 2007ರ ಡಿಸೆಂಬರಿನಲ್ಲಿ ಆತ ತೀರಿಕೊಂಡ.

ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಅಧಿಕಾರಿಗಳ ಮರೆವನ್ನು ಬೈದು ಮುಗಿಸುತ್ತಾರೆ. ಮರೆತದ್ದು ನಿಜವೇ. ಆದರೆ ಬರೀ ಮರೆವಾಗಿದ್ದರೆ ಅದು ಒಬ್ಬನ ಪಾಲಿಗೆ ಬರುವ ದುರದೃಷ್ಟವಾಗುತ್ತಿತ್ತು. 1982ರಲ್ಲೇ ಬಿಹಾರದ ಹಜಾರಿಬಾಗ್ ಜೈಲಿನಿಂದ ಇಂಥದೇ ಸಂಗತಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿನ ಉಚಿತ ಕಾನೂನು ನೆರವು ಸಮಿತಿ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ವೀಣಾ ಸೇಠಿ ಪ್ರಕರಣದಲ್ಲಿ, ಮನಸ್ಸು ಸರಿಯಾದ ಮೇಲೂ ದಶಕಗಳ ಕಾಲ ಜೈಲಿನಲ್ಲೇ ಉಳಿದವರ ಬಿಡುಗಡೆಗೆ ನ್ಯಾಯಾಲಯ ಆದೇಶಿಸಿತು. ಅಂದರೆ ಲಾಲುಂಗ್ ಹೊರಬರುವುದಕ್ಕೆ 23 ವರ್ಷ ಮೊದಲೇ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಈ ರೋಗ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಮತ್ತೆ ಆಗುವುದನ್ನು ಮರೆವು ಎನ್ನಲಾಗದು. ಪೊಲೀಸರು ಹಿಡಿಯಬಹುದು, ಮ್ಯಾಜಿಸ್ಟ್ರೇಟರು ಕಳುಹಿಸಬಹುದು, ವೈದ್ಯರು ದಾಖಲು ಮಾಡಿಕೊಳ್ಳಬಹುದು. ಹೀಗೆ ಒಳಗೆ ಸೇರಿಸುವ ಅಧಿಕಾರ ಹಲವರ ಕೈಯಲ್ಲಿ ಹಂಚಿದೆ. ಹೊರಗೆ ಕರೆದುಕೊಂಡು ಹೋಗುವ ಹೊಣೆಯನ್ನು ಮಾತ್ರ ನಮ್ಮ ವ್ಯವಸ್ಥೆ ಮನೆಯವರ ತಲೆಗೆ ಕಟ್ಟಿದೆ. ಮನೆಯವರು ಬಾರದಿದ್ದರೆ ಉತ್ತರ ಕೊಡಬೇಕಾದ ಅಧಿಕಾರಿ ನ್ಯಾಯಾಂಗದಲ್ಲೂ ಇಲ್ಲ, ಗೃಹ ಇಲಾಖೆಯಲ್ಲೂ ಇಲ್ಲ, ಆರೋಗ್ಯ ಇಲಾಖೆಯಲ್ಲೂ ಇಲ್ಲ. ಮಾನಸಿಕ ಆರೋಗ್ಯ ಮತ್ತು ನ್ಯಾಯದಾನದ ಮಧ್ಯೆ ಇರುವ ದೊಡ್ಡ ದೋಷ ಇದೇ ಎಂಬುದು ನನ್ನ ವಾದ. ವೈದ್ಯರ ಕೊರತೆ, ಹಾಸಿಗೆಗಳ ಕೊರತೆ, ಜೈಲಿನ ದಟ್ಟಣೆ ಎಲ್ಲವೂ ಇದರ ನಂತರ ಬರುವಂಥವು.

ಇಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕು. ಸಿನಿಮಾ, ಧಾರಾವಾಹಿಗಳ ದೆಸೆಯಿಂದ ಅವು ಜನರ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಕೃತ್ಯ ಎಸಗಿದ ಗಳಿಗೆಯಲ್ಲಿ ಆರೋಪಿಗೆ ತಾನು ಮಾಡುತ್ತಿರುವುದು ಏನು, ಅದು ತಪ್ಪೇ ಎಂಬುದು ತಿಳಿಯುವ ಸ್ಥಿತಿ ಇತ್ತೇ ಎಂಬುದು ಮೊದಲನೆಯದು. ಹಳೆಯ ದಂಡಸಂಹಿತೆಯ ಸೆಕ್ಷನ್ 84, ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 22 ಇದಕ್ಕೆ ಸಂಬಂಧಿಸಿದ್ದು. ಅದು ಸಾಬೀತಾದರೆ ಆರೋಪಿ ಖುಲಾಸೆಯಾಗುತ್ತಾನೆ. ಎರಡನೆಯದು, ಈಗ, ವಿಚಾರಣೆಯ ಹೊತ್ತಿನಲ್ಲಿ, ಆರೋಪಿ ತನ್ನ ಪರವಾಗಿ ವಾದ ಮಂಡಿಸುವ ಸ್ಥಿತಿಯಲ್ಲಿದ್ದಾನೆಯೇ ಎಂಬುದು. ತನ್ನ ಮೇಲಿರುವ ಆರೋಪವೇನು, ಎದುರಿಗೆ ಕುಳಿತವರು ಯಾರು, ತನ್ನ ವಕೀಲರಿಗೆ ಏನು ಹೇಳಬೇಕು, ಸಾಕ್ಷಿ ಸುಳ್ಳು ಹೇಳಿದರೆ ಅದು ಸುಳ್ಳೆಂದು ತಿಳಿಸಲು ತನಗೆ ಆಗುತ್ತದೆಯೇ ಎಂಬುದನ್ನೆಲ್ಲ ವೈದ್ಯರು ಕೇಳಿ ನೋಡುತ್ತಾರೆ. ಆಗದು ಎಂದು ತೀರ್ಮಾನವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 367, 368ರ ಪ್ರಕಾರ ವಿಚಾರಣೆಯನ್ನು ಮುಂದೂಡಲಾಗುತ್ತದೆ. ತನ್ನನ್ನು ತಾನು ಕಾಪಾಡಿಕೊಳ್ಳಲಾಗದವನ ಮೇಲೆ ವಿಚಾರಣೆ ನಡೆಸಬಾರದು ಎಂಬುದು ಒಳ್ಳೆಯ ತತ್ವ. ಆದರೆ ಆರೋಪಿಯ ರಕ್ಷಣೆಗೆಂದು ಹುಟ್ಟಿದ ಈ ತತ್ವವೇ ಅವನಿಗೆ ಉರುಳಾಗುವ ಬಗೆ ವಿಚಿತ್ರವಾದದ್ದು. ಮನಸ್ಸು ಸ್ವಸ್ಥವಿರುವ ಆರೋಪಿಗೆ ತಡವಾಗಿಯಾದರೂ ಒಂದು ತೀರ್ಪು ಬರುತ್ತದೆ. ಈತನ ವಿಚಾರಣೆಯೇ ನಿಂತುಹೋಗಿರುವುದರಿಂದ ಈತ ಅಪರಾಧಿಯೂ ಆಗುವುದಿಲ್ಲ, ನಿರಪರಾಧಿಯೂ ಆಗುವುದಿಲ್ಲ. ಕೃತ್ಯವನ್ನೇ ಎಸಗಿಲ್ಲದವನಿಗೂ ಹಾಗೆಂದು ಸಾಬೀತುಪಡಿಸಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ.

ಇದು ಕಾಗದದ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾಲ್ಲೂಕಿನ ಕೋರ್ಟಿನಲ್ಲಿ ಕಳ್ಳತನದ ಆರೋಪಿಯೊಬ್ಬ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾನೆ, ಹೆಸರು ಕೇಳಿದರೆ ಬೇರೇನೋ ಹೇಳುತ್ತಾನೆ ಎಂದುಕೊಳ್ಳಿ. ಮ್ಯಾಜಿಸ್ಟ್ರೇಟರು ವೈದ್ಯಕೀಯ ವರದಿ ಕೇಳುತ್ತಾರೆ. ಜಿಲ್ಲಾಸ್ಪತ್ರೆಗೆ ಕರೆದೊಯ್ಯಲು ಬೆಂಗಾವಲಿನ ಪೊಲೀಸರು ಬೇಕು. ಅವರು ಬಂದೋಬಸ್ತಿಗೆ ಹೋಗಿದ್ದರೆ ಆ ತಾರೀಕು ದಾಟುತ್ತದೆ. ದಾಖಲಾಗಿ ಔಷಧ ಬಿದ್ದ ಮೇಲೆ ಕೆಲವು ವಾರಗಳಲ್ಲಿ ನಿದ್ದೆ ಬರುತ್ತದೆ, ಕಿವಿಯಲ್ಲಿ ಕೇಳುವ ಧ್ವನಿಗಳು ತಗ್ಗುತ್ತವೆ, ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತದೆ. ಈಗ ವಿಚಾರಣೆ ಎದುರಿಸಬಲ್ಲ ಎಂಬ ಪ್ರಮಾಣಪತ್ರದೊಂದಿಗೆ ಆಸ್ಪತ್ರೆ ಆತನನ್ನು ಜೈಲಿಗೆ ವಾಪಸು ಕಳುಹಿಸುತ್ತದೆ. ಜೈಲಿನಲ್ಲಿ ಆತ ನೂರಾರು ಜನರಲ್ಲಿ ಒಬ್ಬ. ಮನೋವೈದ್ಯರು ಬಂದರೆ ವಾರಕ್ಕೊಮ್ಮೆ, ಬಾರದಿದ್ದರೆ ಅದೂ ಇಲ್ಲ. ರಾತ್ರಿಯ ಮಾತ್ರೆ ಆತ ನುಂಗಿದನೇ, ದಿಂಬಿನಡಿ ಇಟ್ಟನೇ ಎಂದು ನೋಡುವವರಿಲ್ಲ. ಮುಂದಿನ ತಾರೀಕು ಎರಡು ತಿಂಗಳಾಚೆ ಇರುತ್ತದೆ. ಅಷ್ಟರಲ್ಲಿ ಕಾಯಿಲೆ ಮರುಕಳಿಸಿರುತ್ತದೆ, ಮತ್ತೆ ವರದಿ, ಮತ್ತೆ ಬೆಂಗಾವಲು, ಮತ್ತೆ ಆಸ್ಪತ್ರೆ. ಆಸ್ಪತ್ರೆಯವರನ್ನು ಕೇಳಿದರೆ ನಾವು ಗುಣಪಡಿಸಿ ಕಳುಹಿಸಿದ್ದೇವೆ ಎನ್ನುತ್ತಾರೆ. ಜೈಲಿನವರು ನಾವು ಕೋರ್ಟಿಗೆ ತಿಳಿಸಿದ್ದೇವೆ ಎನ್ನುತ್ತಾರೆ. ಕೋರ್ಟು ವರದಿಗೆ ಕಾಯುತ್ತಿದೆ. ಮೂವರ ಮಾತೂ ನಿಜ, ಮೂವರ ಕಡತವೂ ಚೊಕ್ಕ. ಆ ಮನುಷ್ಯನ ಕಥೆ ಏನಾಯಿತು ಎಂಬುದು ಮಾತ್ರ ಯಾರ ಕಡತದಲ್ಲೂ ಇಲ್ಲ.

ಸಮಸ್ಯೆ ಎಷ್ಟು ದೊಡ್ಡದು ಎಂದು ಅಂದಾಜಿಸಲು ಒಳ್ಳೆಯ ಆಧಾರ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಕೈದಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಹೊರತಂದರು. ಮಾನಸಿಕ ಕಾಯಿಲೆ ಅಥವಾ ವ್ಯಸನದ ಸಮಸ್ಯೆ ಇದ್ದವರು ಶೇ 79.6. ವ್ಯಸನವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೂ ಶೇ 27.6. ಇದಕ್ಕೆ ಹೋಲಿಸಲು, 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಮಾನಸಿಕ ಕಾಯಿಲೆ ಇದ್ದವರು ಶೇ 10.6. ಎರಡೂ ಅಧ್ಯಯನಗಳ ವಿಧಾನ ಬೇರೆಯಾದ್ದರಿಂದ ಎದುರುಬದುರು ಇಟ್ಟು ಗುಣಾಕಾರ ಮಾಡುವುದು ಸರಿಯಲ್ಲ. ಆದರೂ ಜೈಲಿನ ಗೋಡೆಯೊಳಗೆ ಕಾಯಿಲೆ ದಟ್ಟವಾಗಿದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ 5.73 ಲಕ್ಷ ಜನರಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು, ಅಂದರೆ ಅಪರಾಧ ಸಾಬೀತಾಗದವರು. ಗೋಡೆಯ ಆಚೆ ಬದಿಗೆ, ಆಸ್ಪತ್ರೆಗಳ ಕಡೆಗೆ ತಿರುಗಿದರೂ ಚಿತ್ರ ಬದಲಾಗುವುದಿಲ್ಲ. 2023ರ ಜನವರಿಯಲ್ಲಿ ಮಾನವ ಹಕ್ಕುಗಳ ಆಯೋಗ ದೇಶದ 46 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿ ಶೋಚನೀಯವಾಗಿದೆ, ಗುಣವಾದವರನ್ನೂ ಅವು ಕಾನೂನುಬಾಹಿರವಾಗಿ ಇಟ್ಟುಕೊಂಡಿವೆ ಎಂದು ಹೇಳಿತು. ಅದಕ್ಕೂ ಮೊದಲು ಹಂಸ್ ಫೌಂಡೇಶನ್ ಎಂಬ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಒಳರೋಗಿಗಳ ಪೈಕಿ ಶೇ 36ರಷ್ಟು ಜನ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲೇ ಇರುವುದು ಕಂಡುಬಂದಿತ್ತು. ಅವರಲ್ಲಿ ಮೊಕದ್ದಮೆ ಇಲ್ಲದವರಿಗೂ ಹೊರಬರಲು ಆಗಿಲ್ಲ. ಜೈಲು, ಆಸ್ಪತ್ರೆ ಎರಡೂ ಕಡೆ ಬಾಗಿಲು ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಕಾನೂನೇ ಇಲ್ಲ ಎಂದು ದೂರುವಂತಿಲ್ಲ, ನಮ್ಮಲ್ಲಿ ಅದಕ್ಕೆ ಬರವಿಲ್ಲ. ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥರನ್ನು ‘ಸುರಕ್ಷಿತವಾಗಿಡಲು’ ಜೈಲಿಗೆ ಹಾಕುವ ಪದ್ಧತಿ ಒಂದು ಕಾಲಕ್ಕೆ ಪಶ್ಚಿಮ ಬಂಗಾಳದಲ್ಲಿ ರಾಜಾರೋಷವಾಗಿ ನಡೆಯುತ್ತಿತ್ತು. ಶೀಲಾ ಬಾರ್ಸೆ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಯಿತು. ಬೀದಿಯಲ್ಲಿ ಅಲೆಯುವ ಅಸ್ವಸ್ಥರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು ಎನ್ನುತ್ತದೆ ಸೆಕ್ಷನ್ 100. ಮನೆಯವರು ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಸೆಕ್ಷನ್ 19. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕು, ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕೊಡಬೇಕು, ಮಂಡಳಿ ಬೇಕೆಂದಾಗ ಜೈಲಿಗೆ ಹೋಗಿ ಈತನನ್ನು ಯಾಕೆ ಇಲ್ಲಿ ಇಟ್ಟುಕೊಂಡಿದ್ದೀರಿ ಎಂದು ಕೇಳಬಹುದು ಎಂದೆಲ್ಲ ಸೆಕ್ಷನ್ 103ರಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೇ ಹೊರತು ಶಿಕ್ಷಿಸಬಾರದು ಎಂದದ್ದೂ ಇದೇ ಕಾಯ್ದೆ. ಇನ್ನು ಗಲ್ಲು ಶಿಕ್ಷೆಯ ವಿಷಯದಲ್ಲಂತೂ ಸುಪ್ರೀಂ ಕೋರ್ಟ್ 2014ರ ಶತ್ರುಘ್ನ ಚೌಹಾಣ್ ತೀರ್ಪಿನಿಂದ ಮೊದಲ್ಗೊಂಡು, ಮಾನಸಿಕ ಕಾಯಿಲೆಯನ್ನು ಕುಣಿಕೆ ತಪ್ಪಿಸುವ ಕಾರಣವೆಂದು ಒಪ್ಪುತ್ತಾ ಬಂದಿದೆ. ಕೊಲೆ ಮಾಡಿ ಗಲ್ಲಿಗೆ ಹೋದವನ ಮನಸ್ಸಿನ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸುವ ನ್ಯಾಯವ್ಯವಸ್ಥೆಗೆ ಸೈಕಲ್ ಕದ್ದ ಆರೋಪಿಯ ಮನಸ್ಸು ಅಷ್ಟಾಗಿ ಕಾಣುವುದಿಲ್ಲ. ಗಲ್ಲಿನ ಕಡತ ದೆಹಲಿಗೆ ಹೋಗುತ್ತದೆ, ಸೈಕಲ್ಲಿನ ಕಡತ ತಾಲ್ಲೂಕಿನಲ್ಲೇ ಧೂಳು ತಿನ್ನುತ್ತದೆ.

ಎಲ್ಲ ಕಾನೂನುಗಳ ಒಳಗೆ ನಾನು ಬೆರಳಿಡಬಯಸುವ ಜಾಗ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 369. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 330ಕ್ಕೆ 2008ರಲ್ಲಿ ತಂದ ತಿದ್ದುಪಡಿ ಹೆಚ್ಚುಕಡಿಮೆ ಹಾಗೆಯೇ ಇಲ್ಲಿಗೆ ಬಂದಿದೆ. ಅದರ ಆಶಯ ಉದಾರವಾದದ್ದು: ವಿಚಾರಣೆ ಎದುರಿಸಲಾಗದ ಆರೋಪಿಗೆ, ಪ್ರಕರಣ ಜಾಮೀನು ಸಿಗುವಂಥದ್ದಾಗಲಿ ಸಿಗದಂಥದ್ದಾಗಲಿ, ಜಾಮೀನು ಕೊಡಲೇಬೇಕು. ಇದಕ್ಕೆ ಎರಡು ಷರತ್ತುಗಳಿವೆ. ಆರೋಪಿಯ ಕಾಯಿಲೆ ಒಳರೋಗಿಯಾಗಿ ಇರಲೇಬೇಕಾದಷ್ಟು ತೀವ್ರವಾಗಿರಬಾರದು ಎಂಬುದು ಮೊದಲನೆಯದು. ಇನ್ನೊಂದರ ಪ್ರಕಾರ ಸ್ನೇಹಿತರೋ ಸಂಬಂಧಿಕರೋ ಮುಂದೆ ಬಂದು, ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸುತ್ತೇನೆ, ಈತ ತನಗೂ ಇತರರಿಗೂ ಅಪಾಯ ಮಾಡದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ಮೊದಲ ಷರತ್ತನ್ನು ಪೂರೈಸುವುದು ಔಷಧದ ಕೆಲಸ, ಅದು ಬಹುತೇಕರಲ್ಲಿ ಆಗುತ್ತದೆ. ಎರಡನೆಯದರಲ್ಲೇ ಎಲ್ಲವೂ ನಿಂತುಹೋಗುತ್ತದೆ. ತೀವ್ರ ಮಾನಸಿಕ ಕಾಯಿಲೆಯವರು ಕೈಯೆತ್ತಿದಾಗ ಏಟು ಬೀಳುವುದು ಬಹಳ ಸಲ ಮನೆಯವರ ಮೇಲೆಯೇ. ತಾಯಿಗೋ ಅಣ್ಣನಿಗೋ ಹೆಂಡತಿಗೋ ಹೊಡೆದ ಆರೋಪದಲ್ಲಿ ಒಳಗೆ ಹೋದವನ ಪರವಾಗಿ ಹೊಣೆ ಬರೆದುಕೊಡಬೇಕಾದವರೂ ಅವರೇ. ಅಂದರೆ ಫಿರ್ಯಾದುದಾರನೇ ಜಾಮೀನುದಾರನೂ ಆಗಬೇಕು ಎಂದು ಕಾನೂನು ನಿರೀಕ್ಷಿಸುತ್ತದೆ. ಹಾಗಲ್ಲದ ಮನೆಗಳಲ್ಲೂ ವರ್ಷಗಟ್ಟಲೆ ಅಲೆದು, ಒಡವೆ ಅಡವಿಟ್ಟು, ದೇವರು ದಿಂಡರು ಮುಗಿಸಿ, ಆಸ್ಪತ್ರೆ ಮುಗಿಸಿ ಸುಸ್ತಾದವರೇ ಹೆಚ್ಚು. ಹೆಂಗಸಾದರೆ ಗಂಡನ ಮನೆ ತವರಿನತ್ತ ಕೈ ತೋರಿಸುತ್ತದೆ, ತವರು ಗಂಡನ ಮನೆಯತ್ತ. ಬೇರೆ ರಾಜ್ಯದಿಂದ ಕೂಲಿಗೆ ಬಂದು ಇಲ್ಲಿ ಸಿಕ್ಕಿಬಿದ್ದವರಾದರೆ ಅವರ ಊರಿನ ಹೆಸರೇ ದಾಖಲೆಯಲ್ಲಿ ಸರಿಯಾಗಿರುವುದಿಲ್ಲ.

ಬಡ ಕೈದಿಗಳಿಗೆ ನೆರವಾಗಲೆಂದು ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದಿತು. ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನರಿಗೆ ಒಂದು ಮಿತಿಯವರೆಗೆ ಸರ್ಕಾರವೇ ಭರಿಸುತ್ತದೆ. ಒಳ್ಳೆಯ ಯೋಜನೆ, ಆದರೆ ಮಾನಸಿಕ ಅಸ್ವಸ್ಥ ಆರೋಪಿಗೆ ಅಷ್ಟಾಗಿ ದಕ್ಕುವುದಿಲ್ಲ. ಹಣವನ್ನು ಸರ್ಕಾರ ಕಟ್ಟಬಹುದು, ಸಂಬಂಧಿಕರ ಒಪ್ಪಿಗೆಯನ್ನು ಖಜಾನೆಯಿಂದ ತೆಗೆದುಕೊಡಲು ಬರುವುದಿಲ್ಲ. ಗರಿಷ್ಠ ಶಿಕ್ಷೆಯ ಅರ್ಧದಷ್ಟು, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದರಷ್ಟು ಕಾಲ ಒಳಗಿದ್ದವರನ್ನು ಬಿಡಬೇಕೆನ್ನುವ, ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479 ಕೂಡ ಇದೆ. ಅದು ಗಲ್ಲು, ಜೀವಾವಧಿ ವಿಧಿಸಬಹುದಾದ ಪ್ರಕರಣಗಳಿಗೆ ಅನ್ವಯವಾಗುವುದಿಲ್ಲ. ಉಳಿದವರಿಗೂ ಬಾಗಿಲು ತೆಗೆದ ಮೇಲೆ ಎಲ್ಲಿಗೆ ಹೋಗಬೇಕು, ನಾಳೆಯ ಮಾತ್ರೆ ಯಾರು ಕೊಡಬೇಕು ಎಂಬುದರ ಬಗ್ಗೆ ಅದು ಮಾತಾಡುವುದಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ, ಜಾಕ್ಸನ್ ವರ್ಸಸ್ ಇಂಡಿಯಾನಾ ಪ್ರಕರಣದಲ್ಲಿ, ಈ ಪ್ರಶ್ನೆಗೆ ಮುಖಾಮುಖಿಯಾಯಿತು. ಕಿವಿ ಕೇಳದ, ಮಾತು ಬಾರದ, ಬೌದ್ಧಿಕ ನ್ಯೂನತೆಯ ವ್ಯಕ್ತಿಯೊಬ್ಬ ಎರಡು ಸಲ ಸೇರಿ ಒಟ್ಟು ಒಂಬತ್ತು ಡಾಲರ್ ಮೌಲ್ಯದ ವಸ್ತು ಮತ್ತು ಹಣ ದೋಚಿದ ಆರೋಪ ಹೊತ್ತಿದ್ದ. ವಿಚಾರಣೆಗೆ ಅರ್ಹನಾಗುವವರೆಗೆ ಒಳಗಿರಲಿ ಎಂದು ಕೆಳಗಿನ ಕೋರ್ಟು ಹೇಳಿತ್ತು. ಆತ ಎಂದೂ ಅರ್ಹನಾಗುವ ಸಂಭವವಿರಲಿಲ್ಲ, ಹಾಗಾಗಿ ಅದು ಜೀವಾವಧಿಯೇ. ಅಸಮರ್ಥ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸಮಂಜಸವಾದ ಅವಧಿ ಮೀರಿ ಇಟ್ಟುಕೊಳ್ಳುವಂತಿಲ್ಲ. ಗುಣವಾಗುವ ಸಂಭವ ಇಲ್ಲದಿದ್ದರೆ ಒಂದೋ ಎಲ್ಲರಿಗೂ ಅನ್ವಯಿಸುವ ಮಾನಸಿಕ ಆರೋಗ್ಯ ಕಾನೂನಿನಡಿ ಕ್ರಮ ಜರುಗಿಸಬೇಕು, ಇಲ್ಲವೇ ಬಿಡಬೇಕು ಎಂದು ನ್ಯಾಯಾಲಯ ಹೇಳಿತು. ಇಂಗ್ಲೆಂಡು 1991ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಆರೋಪಿ ಅಸಮರ್ಥನಾಗಿದ್ದರೂ ಕೃತ್ಯ ಆತನಿಂದ ನಡೆದಿದೆಯೇ ಇಲ್ಲವೇ ಎಂಬುದನ್ನಷ್ಟೇ ಸಾಕ್ಷ್ಯದ ಮೇಲೆ ತೀರ್ಮಾನಿಸುವ ವ್ಯವಸ್ಥೆ ಮಾಡಿತು. ನಡೆದಿಲ್ಲವೆಂದಾದರೆ ಖುಲಾಸೆ. ನಡೆದಿದೆಯೆಂದಾದರೆ ಶಿಕ್ಷೆಯಲ್ಲ, ಚಿಕಿತ್ಸೆಯದೋ ಮೇಲ್ವಿಚಾರಣೆಯದೋ ಆದೇಶ. ಆ ದೇಶಗಳು ಈ ವಿಷಯದಲ್ಲಿ ಸಾಧುಗಳೆಂದು ನಾನು ಹೇಳುತ್ತಿಲ್ಲ. ಅಮೆರಿಕ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಿ ರೋಗಿಗಳನ್ನು ಜೈಲಿಗೆ ತುಂಬಿಕೊಂಡ ದೇಶ. ಆದರೆ ವಿಚಾರಣೆ ನಿಂತರೆ ಬಂಧನಕ್ಕೂ ಒಂದು ಕೊನೆ ಇರಬೇಕು ಎಂಬ ತರ್ಕ ಅವರದಾದ ಮಾತ್ರಕ್ಕೆ ನಮಗೆ ಬೇಡವಾಗುವುದಿಲ್ಲ. ಮೇಲ್ನೋಟಕ್ಕೇ ಸಾಕ್ಷ್ಯವಿಲ್ಲದಿದ್ದರೆ ವಿಚಾರಣೆ ಮುಂದೂಡುವ ಬದಲು ಆರೋಪಿಯನ್ನು ಕೈಬಿಡಬೇಕು ಎಂಬ ಮಾತು ನಮ್ಮ ಸಂಹಿತೆಯಲ್ಲೂ ಇದೆ. ವಕೀಲರು ಅದನ್ನು ಎತ್ತಬೇಕು, ನ್ಯಾಯಾಧೀಶರು ಕೇಳಬೇಕು.

ಇದಕ್ಕೆ ಆಕ್ಷೇಪಗಳು ಬರುತ್ತವೆ, ಅವುಗಳಲ್ಲಿ ಹುರುಳೂ ಇದೆ. ಸಂತ್ರಸ್ತರ ಗತಿಯೇನು ಎಂಬುದು ಅತ್ಯಂತ ಗಂಭೀರವಾದದ್ದು. ಮಗನನ್ನು ಕಳೆದುಕೊಂಡ ಮನೆಯವರಿಗೆ, ಕೊಂದವನು ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ತೆಗೆದುಕೊಂಡು ಓಡಾಡುತ್ತಿದ್ದಾನೆ ಎಂದರೆ ಹೇಗೆ ಸಹಿಸಿಯಾರು? ಆದರೆ ಇಂದಿನ ವ್ಯವಸ್ಥೆ ಸಂತ್ರಸ್ತರಿಗೆ ಕೊಡುತ್ತಿರುವುದೂ ನ್ಯಾಯವಲ್ಲ, ಅವರಿಗೆ ಸಿಗುತ್ತಿರುವುದು ಹತ್ತು ವರ್ಷ ಕಳೆದರೂ ಮುಗಿಯದ ತಾರೀಕುಗಳು. ಕೃತ್ಯ ನಡೆಯಿತೇ, ನಡೆಸಿದವರು ಯಾರು ಎಂಬುದನ್ನು ಸಾಕ್ಷಿಗಳು ಬದುಕಿರುವಾಗಲೇ, ನೆನಪು ಮಾಸುವ ಮೊದಲೇ ತೀರ್ಮಾನಿಸುವ ಇಂಗ್ಲೆಂಡಿನ ಮಾದರಿಯಿಂದ ಆರೋಪಿಗೆ ಎಷ್ಟು ಅನುಕೂಲವೋ ಸಂತ್ರಸ್ತರಿಗೂ ಅಷ್ಟೇ ಅನುಕೂಲ. ಇನ್ನು ಸುರಕ್ಷತೆಯ ಮಾತು. ನಿಜಕ್ಕೂ ಅಪಾಯಕಾರಿಯಾಗಿರುವ ವ್ಯಕ್ತಿಯನ್ನು ಚಿಕಿತ್ಸೆಯ ಜಾಗದಲ್ಲಿ ಇಟ್ಟುಕೊಳ್ಳುವ ಅಧಿಕಾರ ಕೋರ್ಟಿಗೆ ಈಗಲೂ ಇದೆ, ಅದನ್ನು ಕಸಿಯಬೇಕೆಂದು ಯಾರೂ ಕೇಳುತ್ತಿಲ್ಲ. ಕಾಯಿಲೆಯ ಮನುಷ್ಯನಿಂದ ಅಪಾಯ ಹೆಚ್ಚುವುದು ಔಷಧ ತಪ್ಪಿದಾಗ, ಮದ್ಯ ಸೇರಿದಾಗ, ನೋಡಿಕೊಳ್ಳುವವರು ಇಲ್ಲದಾಗ. ಜೈಲಿಗೂ ಆಸ್ಪತ್ರೆಗೂ ಎಡತಾಕಿಸಿ, ಕೊನೆಗೊಂದು ದಿನ ಯಾವುದೋ ತಾಂತ್ರಿಕ ಕಾರಣಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಬರುವ ವ್ಯವಸ್ಥೆ ಈ ಅಪಾಯವನ್ನು ಹೆಚ್ಚಿಸುತ್ತದೆ.

ಹುಚ್ಚನ ನಾಟಕವಾಡಿ ತಪ್ಪಿಸಿಕೊಳ್ಳುವವರ ಭಯ ಇನ್ನೊಂದು. ನಾಟಕವಾಡುವವರು ಇಲ್ಲವೆಂದಲ್ಲ. ಆದರೆ ಈಗಿನ ಸ್ಥಿತಿಯಲ್ಲಿ ಅಸಮರ್ಥ ಎನ್ನಿಸಿಕೊಂಡವನಿಗೆ ಸಿಗುವ ಬಹುಮಾನವಾದರೂ ಏನು? ಮಾಮೂಲಿ ಆರೋಪಿಗಿಂತ ಹೆಚ್ಚು ಕಾಲ ಒಳಗಿರುವುದು. ಅಷ್ಟಕ್ಕೂ ನಮ್ಮಲ್ಲಿ ಪ್ರಭಾವಿಗಳಿಗೆ ಜೈಲಿನ ಹೊಸ್ತಿಲು ದಾಟುತ್ತಿದ್ದಂತೆ ಎದೆನೋವು ಬರುತ್ತದೆ, ಚಿತ್ತಭ್ರಮಣೆ ಬಂದದ್ದು ಅಪರೂಪ. ಹಗಲಿರುಳು ಕಣ್ಣಿಟ್ಟ ವಾರ್ಡಿನಲ್ಲಿ ಹತ್ತು ದಿನ ಸುಳ್ಳು ಲಕ್ಷಣಗಳನ್ನು ಒಂದೇ ಸಮ ನಡೆಸುವುದು ಕಷ್ಟ ಎಂಬುದು ಅಲ್ಲಿನ ನರ್ಸುಗಳಿಗೆ ಚೆನ್ನಾಗಿ ಗೊತ್ತು.

ಮತ್ತೊಂದು ಆಕ್ಷೇಪ ನಮ್ಮ ಸಂಸ್ಕೃತಿಯ ಹೆಸರಿನಲ್ಲಿ ಬರುತ್ತದೆ. ಕುಟುಂಬವೇ ನಮ್ಮ ಶಕ್ತಿ, ಅದರ ಜಾಗಕ್ಕೆ ಸರ್ಕಾರವನ್ನು ತಂದರೆ ಇರುವ ಆಸರೆಯೂ ಕಳಚುತ್ತದೆ ಎನ್ನುತ್ತಾರೆ. ಭಾರತದಲ್ಲಿ ಮಾನಸಿಕ ರೋಗಿಗಳನ್ನು ಸಾಕುತ್ತಿರುವುದು ಮನೆಯವರೇ ಎಂಬುದನ್ನು ಅಲ್ಲಗಳೆಯಲಾಗದು. ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಾದವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯನ್ನೇ ಪಡೆಯುತ್ತಿಲ್ಲ. ಅವರ ಭಾರವೆಲ್ಲ ಮನೆಗಳ ಮೇಲೆಯೇ ಇದೆ. ಆದರೆ ಮನೆಯವರನ್ನು ಗೌರವಿಸುವುದು ಬೇರೆ, ಆಗದ ಭಾರವನ್ನು ಅವರ ಮೇಲೆ ಹೇರಿ ಗೌರವ ಎನ್ನುವುದು ಬೇರೆ. ಏನಾದರೂ ಅನಾಹುತವಾದರೆ ನೀನೇ ಹೊಣೆ ಎಂಬ ಮುಚ್ಚಳಿಕೆಗೆ ಸಹಿ ಹಾಕಲು ಹೆದರುವ ಅಣ್ಣ, ಔಷಧದ ಹೊಣೆ ಬೇರೊಬ್ಬರದು, ನೀನು ಬಂದು ನೋಡಿಕೊಂಡು ಹೋಗು ಎಂದರೆ ಬಂದಾನು. ಭಾರ ಇಳಿಸಿದ ಕಡೆ ಸಂಬಂಧ ಉಳಿಯುವ ಸಾಧ್ಯತೆ ಹೆಚ್ಚು.

ಉಳಿದದ್ದು ಹಣದ ಪ್ರಶ್ನೆ. ಇಲ್ಲಿ ಕರ್ನಾಟಕಕ್ಕೆ ತನ್ನದೇ ಇತಿಹಾಸವಿದೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಇಳಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯವಾದ ಕೆಲವೇ ಔಷಧಗಳನ್ನು ಅಲ್ಲಿಯೇ ಸಿಗುವಂತೆ ಮಾಡಿದರೆ ತೀವ್ರ ಮಾನಸಿಕ ಕಾಯಿಲೆಯನ್ನೂ ಊರ ಮಟ್ಟದಲ್ಲಿ ನಿಭಾಯಿಸಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಳ್ಳಾರಿಯ ಮಾದರಿಯ ಮೇಲೆಯೇ ನಿಂತಿದೆ. ಇಂದು ರಾಜ್ಯದ ಜಿಲ್ಲೆಗಳಲ್ಲಿ ಆ ತಂಡಗಳಿವೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಡಿದೆ. ಜಾಮೀನಿನ ಮೇಲೆ ಹೊರಬಂದ ರೋಗಿಗೆ ಬೇಕಾದ ಚಿಕಿತ್ಸೆ ಇಷ್ಟೇ. ತಿಂಗಳಿಗೊಮ್ಮೆಯ ಚುಚ್ಚುಮದ್ದು ಹಲವರಿಗೆ ದಿನದ ಮಾತ್ರೆಯ ರಗಳೆಯನ್ನೂ ತಪ್ಪಿಸುತ್ತದೆ. ದುಡ್ಡು ನಿಜಕ್ಕೂ ಬೇಕಾಗುವುದು ಮನೆಯಿಲ್ಲದವರಿಗೆ ತಂಗುಮನೆಗಳನ್ನು ಕಟ್ಟಲು. ಗುಣವಾದವರಿಗೆ ಅಂಥ ಪುನರ್ವಸತಿ ಕೇಂದ್ರಗಳನ್ನು ಒದಗಿಸಬೇಕೆಂದು ಗೌರವ್ ಕುಮಾರ್ ಬನ್ಸಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಿಂದಲೂ ರಾಜ್ಯಗಳ ಬೆನ್ನು ಹತ್ತಿದೆ. ಒಬ್ಬ ಕೈದಿ–ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು, ವಾರ್ಡಿನ ಬಾಗಿಲಿಗೆ ಪಾಳಿಯ ಮೇಲೆ ಪೊಲೀಸರನ್ನು ಕೂರಿಸಿ, ಪ್ರತಿ ತಾರೀಕಿಗೂ ವ್ಯಾನಿನಲ್ಲಿ ಸುತ್ತಿಸುವ ಖರ್ಚನ್ನು ಮೂರು ಇಲಾಖೆಗಳ ಲೆಕ್ಕದಿಂದ ಹೆಕ್ಕಿ ಒಂದೆಡೆ ಕೂಡಿಸಿದರೆ ತಂಗುಮನೆಯ ಖರ್ಚು ದುಬಾರಿ ಎನ್ನಿಸಲಾರದು. ಹಾಗೆ ಕೂಡಿಸಬೇಕಾದವರು ಯಾರು ಎಂಬಲ್ಲಿಗೆ ಮತ್ತೆ ಅದೇ ಪ್ರಶ್ನೆ.

ಇದಕ್ಕೆಲ್ಲ ಸಂಸತ್ತು ತಿದ್ದುಪಡಿ ತರುವವರೆಗೆ ಕಾಯಬೇಕಿಲ್ಲ. ಹೊಣೆ ಬರೆದುಕೊಡುವವರು ಸಂಬಂಧಿಕರೇ ಆಗಬೇಕೆಂದು ಸೆಕ್ಷನ್ 369 ಹೇಳುವುದಿಲ್ಲ, ಸ್ನೇಹಿತರಿಗೂ ಅವಕಾಶವಿದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರು, ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿಗಳನ್ನು ಆ ಜಾಗದಲ್ಲಿ ಒಪ್ಪಿಕೊಳ್ಳಲು ಕಾನೂನಿನ ಅಡ್ಡಿ ನನಗೆ ಕಾಣುತ್ತಿಲ್ಲ. ಅಡ್ಡಿ ಇರುವುದು ಭಯದಲ್ಲಿ. ರೋಗಿ ನಾಳೆ ಯಾರಿಗಾದರೂ ಹೊಡೆದರೆ ಸಹಿ ಹಾಕಿದ ನೌಕರನ ಕುತ್ತಿಗೆಗೆ ಬರುತ್ತದೆ ಎಂದಾದರೆ ಸಾವಿರ ಸಂಬಳಕ್ಕೆ ಯಾರೂ ಸಹಿ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಆದ್ದರಿಂದ ಹೊಣೆಯ ಎಲ್ಲೆಯನ್ನು ಮೊದಲೇ ಗೆರೆ ಹಾಕಿ ಬರೆಯಬೇಕು: ನಿಗದಿತ ದಿನ ರೋಗಿ ಆಸ್ಪತ್ರೆಗೆ ಬಂದರೇ, ಚುಚ್ಚುಮದ್ದು ಆಯಿತೇ ಎಂದು ನೋಡುವುದು, ಬಾರದಿದ್ದರೆ ಎರಡು ದಿನದೊಳಗೆ ಕೋರ್ಟಿಗೆ ತಿಳಿಸುವುದು, ಅಷ್ಟೇ. ಅದಕ್ಕೊಂದು ಮುದ್ರಿತ ನಮೂನೆ ಬೇಕು, ಜಿಲ್ಲೆಗೊಬ್ಬ ಹೆಸರಿಸಿದ ಅಧಿಕಾರಿ ಬೇಕು, ಅಸಮರ್ಥರೆಂದು ತೀರ್ಮಾನವಾದವರ ಪಟ್ಟಿಯನ್ನು ಜಿಲ್ಲಾ ನ್ಯಾಯಾಧೀಶರೂ ಪರಿಶೀಲನಾ ಮಂಡಳಿಯೂ ಆರು ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು ನೋಡುವ ಪರಿಪಾಠ ಬೇಕು. ಆರೋಗ್ಯ ಇಲಾಖೆಯೂ ಗೃಹ ಇಲಾಖೆಯೂ ಸೇರಿ ಹೊರಡಿಸುವ ಒಂದು ಆದೇಶ, ಹೈಕೋರ್ಟಿನ ಒಂದು ಸುತ್ತೋಲೆ ಇದಕ್ಕೆ ಸಾಕು.